ಸಾಫ್ಟ್‌ವೇರ್ ಬರೆದವರ ಹೆಸರನ್ನೂ ಬರೆಸಿಕೊಳ್ಳಿ

ಕಲಬುರಗಿ ವಿಭಾಗದ ಪ್ರಾದೇಶಿಕ ಆಯುಕ್ತರಿಗೆ, ಕಲಬುರಗಿ, ಬೀದರ್, ಯಾದಗಿರಿ ಜಿಲ್ಲಾಧಿಕಾರಿಗಳಿಗೆ, ಈ ಮೂರೂ ಜಿಲ್ಲೆಗಳಲ್ಲಿ ಸಾಫ್ಟ್‌ವೇರ್ ಮಾಡಿಸುವ ಇಲಾಖೆ ಮತ್ತು ಸಂಘಗಳ ಮುಖ್ಯಸ್ಥರಿಗೆ,

ಶರಣು.

ನಾನು ಕಲಬುರಗಿಯಲ್ಲಿ ಸಾಫ್ಟ್‌ವೇರ್ ಬರೆದು ಬದುಕುವವನು. ಗಂಜ್ ಮಾರುಕಟ್ಟೆಯ ಅಡತಿ ಅಂಗಡಿಗಳ ಪಟ್ಟಿ, ದಾಲ್ ಮಿಲ್‌ಗಳ ಸ್ಟಾಕು, ಸಹಕಾರ ಸಂಘಗಳ ಸಾಲದ ಲೆಕ್ಕ, ಇಂಥವೇ ನನ್ನ ಕೆಲಸ. ನಿಮ್ಮಲ್ಲಿ ಕೇಳಬೇಕಾದ್ದು ಒಂದೇ. ಇನ್ನು ಮುಂದೆ ಜನರ ದುಡ್ಡಿನಲ್ಲಿ ಯಾವ ಸಾಫ್ಟ್‌ವೇರ್ ಮಾಡಿಸಿದರೂ ಅದನ್ನು ಬರೆದವರ ಹೆಸರನ್ನು ಬರೆಸಿಕೊಳ್ಳಿ. ಆ ಹೆಸರು ಟೆಂಡರ್ ಫೈಲಿನೊಳಗೆ ಉಳಿದುಬಿಡಬಾರದು. ಕೌಂಟರ್ ಮುಂದೆ ನಿಂತವರಿಗೆ ಕಾಣುವ ಹಾಗಿರಬೇಕು. ಹೆಸರಿನ ಪಕ್ಕ ಒಂದು ಫೋನ್ ನಂಬರ್ ಇರಬೇಕು. ಆ ಫೋನನ್ನು ಒಬ್ಬ ಮನುಷ್ಯ ಎತ್ತಬೇಕು.

ನಾನೇ ಪ್ರೋಗ್ರಾಮರ್ ಆಗಿದ್ದು, ನಮ್ಮ ಮೇಲೆ ಹೊಣೆ ಹೊರಿಸಿ ಎಂದು ನಾನೇ ಕೇಳುತ್ತಿದ್ದೇನೆ. ಯಾಕೆಂದರೆ ನನಗೆ ಈ ಕೆಲಸದ ಮೇಲೆ ಅಭಿಮಾನ ಇದೆ. ಹೆಸರು ಹಾಕಲು ಹಿಂಜರಿಯುವಂಥ ಸಾಫ್ಟ್‌ವೇರನ್ನು ಯಾರಿಗೂ ಕೊಡಬಾರದು ಎಂದು ನಂಬಿದವನು ನಾನು. ಆದರೆ ಈ ನಂಬಿಕೆ ನನ್ನೊಬ್ಬನ ಮನಸ್ಸಿನಲ್ಲಿ ಇದ್ದರೆ ಜಿಲ್ಲೆಗೆ ಏನೂ ಪ್ರಯೋಜನ ಇಲ್ಲ. ಕೆಲಸ ಕೊಡುವವರು ನೀವು. ನೀವು ಷರತ್ತು ಹಾಕಿದರೆ ಮಾತ್ರ ಅದು ನಡೆಯುತ್ತದೆ.

ನಮ್ಮ ತೊಗರಿ ಬೇಳೆಯನ್ನೇ ತೆಗೆದುಕೊಳ್ಳಿ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ನೆಲದ್ದೇ ಎಂಬ ಅಧಿಕೃತ ಗುರುತು, ಬಂತು. ಅರ್ಧ ಕಿಲೋ ಬೇಳೆ ಪಾಕೀಟು ಕೈಗೆತ್ತಿಕೊಂಡು ಹಿಂದೆ ತಿರುಗಿಸಿದರೆ ಪ್ಯಾಕ್ ಮಾಡಿದವರ ಹೆಸರು, ವಿಳಾಸ, ತೂಕ, ಬೆಲೆ, ದೂರು ಹೇಳಬೇಕಾದ ಫೋನ್ ನಂಬರ್ ಎಲ್ಲಾ ಇರುತ್ತದೆ. ಪಾಕೀಟು ಸರಕುಗಳ 2011ರ ಕಾನೂನು ಮಾಪನ ನಿಯಮ ಅದನ್ನು ಕಡ್ಡಾಯ ಮಾಡಿದೆ. ಬೇಳೆಯಲ್ಲಿ ಹುಳ ಇದ್ದರೆ ಯಾರನ್ನು ಕೇಳಬೇಕು ಎಂದು ಕೊಂಡವರಿಗೆ ಗೊತ್ತು. ಅದೇ ಒಬ್ಬ ಅಜ್ಜಿಯ ಪಿಂಚಣಿ ಅರ್ಜಿಯನ್ನು ವಾಪಸ್ ಕಳಿಸುವ ಸಾಫ್ಟ್‌ವೇರ್ ಮೇಲೆ ಯಾರ ಹೆಸರೂ ಇರುವುದಿಲ್ಲ. ಅಲ್ಲಿ ತಪ್ಪಾದರೆ ಅಜ್ಜಿ ಯಾರನ್ನು ಕೇಳಬೇಕು?

ಕೌಂಟರಿನಲ್ಲಿ ಅವರಿಗೆ ಸಿಗುವ ಉತ್ತರ ನಿಮಗೂ ಗೊತ್ತಿದೆ. "ಸಿಸ್ಟಮ್ ತಗೋವಲ್ದು ನೋಡ್ರಿ ಆಯಿ, ನಾಳಿಗಿ ಬರ್ರಿ." ಹಾಗೆ ಹೇಳುವ ಆಪರೇಟರ್ ಕೆಟ್ಟವನಲ್ಲ. ಅವನ ಮುಂದೆ ಇರುವ ಸ್ಕ್ರೀನ್ ಅವನಿಗೂ ಅಷ್ಟೇ ಹೇಳುತ್ತದೆ. ಕೆಂಪು ಅಕ್ಷರದಲ್ಲಿ ಇಂಗ್ಲಿಷಿನ ಎರಡು ಪದ ಬರುತ್ತವೆ. ಯಾವ ಕಾಲಂ ತಪ್ಪು, ಏನು ಸರಿ ಮಾಡಬೇಕು, ಯಾರನ್ನು ಕೇಳಬೇಕು, ಒಂದೂ ಇರುವುದಿಲ್ಲ. ಆಯಿ ಬಸ್ ಚಾರ್ಜು ಕೊಟ್ಟು ಊರಿಗೆ ಹೋಗುತ್ತಾರೆ. ಮರುದಿನ ಕೂಲಿ ಬಿಟ್ಟು ಮತ್ತೆ ಬರುತ್ತಾರೆ.

ಸಿಸ್ಟಮ್ ತಗೋವಲ್ದು ಎನ್ನುವುದರ ಹಿಂದೆ ಏನಿರುತ್ತದೆ ಎಂದು ಹೇಳಿಬಿಡುತ್ತೇನೆ, ಯಾಕೆಂದರೆ ಅದು ನಮ್ಮ ಕಸುಬಿನವರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಎಲ್ಲೋ ಒಂದು ರೂಮಿನಲ್ಲಿ ಕೂತ ಒಬ್ಬ ಪ್ರೋಗ್ರಾಮರ್ 'ಸರ್‌ನೇಮ್' ಕಾಲಂ ಖಾಲಿ ಬಿಡುವ ಹಾಗಿಲ್ಲ ಎಂದು ಬರೆದಿರುತ್ತಾನೆ. ಅವನು ಕಂಡ ಜನಕ್ಕೆಲ್ಲ ಸರ್‌ನೇಮ್ ಇತ್ತು. ನಮ್ಮ ಕಡೆ ಬರೀ 'ಮಲ್ಲಮ್ಮ' ಎಂದಷ್ಟೇ ಹೆಸರಿರುವವರು ಎಷ್ಟು ಜನ ಇದ್ದಾರೆ ಎಂದು ಅವನು ನೋಡಿಲ್ಲ. ಇನ್ನೊಬ್ಬ ಎರಡು ದಾಖಲೆಗಳ ಹೆಸರು ಅಕ್ಷರಕ್ಕೆ ಅಕ್ಷರ ಕೂಡಿಬರಬೇಕು ಎಂದು ಬರೆದಿರುತ್ತಾನೆ. ಒಂದು ಕಡೆ ಶರಣಪ್ಪ, ಇನ್ನೊಂದು ಕಡೆ ಶರಣಬಸಪ್ಪ. ಒಂದರಲ್ಲಿ ಮೊಹಮ್ಮದ್, ಇನ್ನೊಂದರಲ್ಲಿ ಎಂಡಿ. ಓಣಿಯಲ್ಲಿ ಎಲ್ಲರಿಗೂ ಗೊತ್ತಿರುವ ಒಬ್ಬನೇ ಮನುಷ್ಯ ಕಂಪ್ಯೂಟರಿನಲ್ಲಿ ಇಬ್ಬರಾಗುತ್ತಾನೆ. ಹಳೆ ನುಡಿ ಫಾಂಟಿನ ದಾಖಲೆಗಳನ್ನು ಈಗ ಎಲ್ಲ ಕಂಪ್ಯೂಟರುಗಳೂ ಓದುವ ಯೂನಿಕೋಡ್‌ಗೆ ಬದಲಾಯಿಸುವಾಗ ಅರ್ಕಾವತ್ತನ್ನು ಸರಿಯಾಗಿ ನೋಡಿಕೊಳ್ಳದಿದ್ದರೆ ಧರ್ಮಣ್ಣ ಹೋಗಿ ಧಮಣ್ಣ ಆಗುತ್ತಾನೆ. ಆಮೇಲೆ ಹೊಲ ತನ್ನದೇ ಎಂದು ಧರ್ಮಣ್ಣನೇ ಸಾಬೀತು ಮಾಡಬೇಕು.

ಶಹಾಬಾದ್ ಕಡೆ ಪರ್ಸಿ ಕಲ್ಲು ಒಡೆಯುವವರ ಬೆರಳು ನೋಡಿದ್ದೀರಾ? ಗೆರೆಗಳೆಲ್ಲ ಸವೆದಿರುತ್ತವೆ. ಮೈ ಬಗ್ಗಿಸಿ ದುಡಿಯುವವರ ಬೆರಳಚ್ಚು ಮಷಿನಿಗೆ ಹೊಂದದೆ ಹೋಗುವುದು ಹೊಸ ವಿಷಯ ಅಲ್ಲ. ಬೆರಳು ಹೊಂದದಿದ್ದಾಗ ಮುಂದೇನು ಎಂಬ ದಾರಿಯನ್ನು ಸಾಫ್ಟ್‌ವೇರ್ ಬರೆಯುವಾಗಲೇ ಇಡಬೇಕು. ಇಟ್ಟರೆ ರೇಷನ್ ಸಿಗುತ್ತದೆ. ಇಡದಿದ್ದರೆ ದುಡಿದವರೇ ಬರಿಗೈಯಲ್ಲಿ ವಾಪಸ್ ಹೋಗುತ್ತಾರೆ. ಇದು ಮಷಿನಿನ ತಪ್ಪಲ್ಲ. ಆ ದಾರಿ ಬೇಕಿಲ್ಲ ಎಂದು ಯಾರೋ ಒಬ್ಬರು ತೀರ್ಮಾನ ಮಾಡಿರುತ್ತಾರೆ, ಅಥವಾ ಅದರ ಬಗ್ಗೆ ಯೋಚನೆಯನ್ನೇ ಮಾಡಿರುವುದಿಲ್ಲ. ಎರಡೂ ಮನುಷ್ಯರ ಕೆಲಸವೇ.

ಕಂಪ್ಯೂಟರ್ ಹೇಳಿದ್ದೇ ಕೊನೆ ಮಾತು ಎಂದು ಒಂದು ದೇಶ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ ಸಾಕ್ಷಿ. ಅಲ್ಲಿಯ ಅಂಚೆ ಸಂಸ್ಥೆ 1999ರಿಂದ ಹೊರೈಜನ್ ಎಂಬ ಲೆಕ್ಕದ ಸಾಫ್ಟ್‌ವೇರನ್ನು ತನ್ನ ಶಾಖೆಗಳಿಗೆ ಕೊಟ್ಟಿತು. ಅದರಲ್ಲಿ ದೋಷಗಳಿದ್ದವು. ಶಾಖೆಯ ಲೆಕ್ಕದಲ್ಲಿ ಇಲ್ಲದ ಕೊರತೆ ತೋರಿಸುತ್ತಿತ್ತು. ಶಾಖೆ ನಡೆಸುವ ಸಬ್ ಪೋಸ್ಟ್‌ಮಾಸ್ಟರ್‌ಗಳು ನಾವು ದುಡ್ಡು ತೆಗೆದಿಲ್ಲ ಎಂದು ಗೋಗರೆದರು. ಯಾರೂ ನಂಬಲಿಲ್ಲ. ಕಂಪ್ಯೂಟರ್ ಸರಿಯಾಗಿಯೇ ಕೆಲಸ ಮಾಡಿದೆ ಎಂದು ಮೊದಲು ಒಪ್ಪಿಕೊಂಡೇ ವಿಚಾರಣೆ ಶುರು ಮಾಡುವ ನಿಯಮ ಅಲ್ಲಿಯ ಕೋರ್ಟುಗಳಲ್ಲಿತ್ತು. 900ಕ್ಕೂ ಹೆಚ್ಚು ಜನರನ್ನು ಕಳ್ಳರು, ಮೋಸಗಾರರು ಎಂದು ತೀರ್ಮಾನಿಸಲಾಯಿತು. ಕೆಲವರು ಮನೆ ಮಾರಿ ದುಡ್ಡು ಕಟ್ಟಿದರು. ಕೆಲವರು ಜೀವವನ್ನೇ ಕಳೆದುಕೊಂಡರು. ಭಾರತೀಯ ಮೂಲದ ಸೀಮಾ ಮಿಶ್ರಾ 2010ರಲ್ಲಿ ಬಸುರಿಯಾಗಿದ್ದಾಗಲೇ ಜೈಲಿಗೆ ಹೋದರು. 2019ರ ಡಿಸೆಂಬರಿನಲ್ಲಿ ಹೈಕೋರ್ಟು ಸಾಫ್ಟ್‌ವೇರಿನಲ್ಲೇ ದೋಷ ಇತ್ತು ಎಂದು ತೀರ್ಪು ಕೊಟ್ಟಿತು. 2021ರ ಏಪ್ರಿಲಿನಲ್ಲಿ ಸೀಮಾ ಅವರ ಮೇಲಿನ ಶಿಕ್ಷೆ ರದ್ದಾಯಿತು. ಉಳಿದವರ ಶಿಕ್ಷೆ ಒಟ್ಟಿಗೆ ರದ್ದು ಮಾಡಲು 2024ರಲ್ಲಿ ಪಾರ್ಲಿಮೆಂಟು ಕಾನೂನನ್ನೇ ತರಬೇಕಾಯಿತು.

ಈ ಕತೆಯಲ್ಲಿ ನನ್ನನ್ನು ಬಹಳ ಕಾಡುವುದು ಬೇರೆ ಒಂದು ಸಂಗತಿ. ಸಾಫ್ಟ್‌ವೇರ್ ಮಾಡಿದ ಕಂಪನಿಯೊಳಗೆ ಗೊತ್ತಿರುವ ದೋಷಗಳ ಒಂದು ಪಟ್ಟಿಯೇ ಇತ್ತು. ಎಂಜಿನಿಯರುಗಳು ಅದನ್ನು ನೋಡುತ್ತಿದ್ದರು, ಅದರಲ್ಲಿ ಬರೆಯುತ್ತಿದ್ದರು. ಅದು ಸಬ್ ಪೋಸ್ಟ್‌ಮಾಸ್ಟರ್‌ಗಳ ಕೈಗೆ ಸಿಗಲಿಲ್ಲ. ಒಂದು ಕಡೆ ದೋಷ ಗೊತ್ತಿದ್ದವರು, ಇನ್ನೊಂದು ಕಡೆ ಅದರಿಂದ ನಾಶವಾಗುತ್ತಿದ್ದವರು. ನಡುವೆ ಒಂದು ಗೋಡೆ. ಒಬ್ಬ ಸಬ್ ಪೋಸ್ಟ್‌ಮಾಸ್ಟರ್ ನೇರವಾಗಿ ಆ ಎಂಜಿನಿಯರಿಗೆ ಫೋನ್ ಮಾಡಿ "ಹೀಗೆ ಬರ್ತಿದೆಯಲ್ಲ, ಯಾಕೆ?" ಎಂದು ಕೇಳುವಂತಿದ್ದರೆ ಎಷ್ಟು ಮನೆ ಉಳಿಯುತ್ತಿದ್ದವು! ನಾನು ಹೆಸರು ಹಾಕಿಸಿ ಎನ್ನುತ್ತಿರುವುದು ಈ ಗೋಡೆ ಬೀಳಲಿ ಎಂದು.

ಇನ್ನೊಂದು ಹಳೆ ಘಟನೆ. ಕೆನಡಾದಲ್ಲಿ ತಯಾರಾದ ಥೆರಾಕ್-25 ಎಂಬ ಯಂತ್ರ ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಕೊಡುತ್ತಿತ್ತು. 1985ರಿಂದ 1987ರೊಳಗೆ ಆರು ಜನರಿಗೆ ಅಳತೆ ಮೀರಿ ವಿಕಿರಣ ತಗುಲಿತು. ಕಡಿಮೆಯೆಂದರೂ ಮೂವರು ಅದರಿಂದ ಸತ್ತರು. ನಮ್ಮ ಯಂತ್ರದಲ್ಲಿ ಹೀಗಾಗಲು ಸಾಧ್ಯವೇ ಇಲ್ಲ ಎಂದು ಕಂಪನಿ ಹೇಳುತ್ತಿತ್ತು. ಕೊನೆಗೆ ದೋಷ ಹಿಡಿದವರು ಯಾರು ಗೊತ್ತಾ? ಟೆಕ್ಸಾಸಿನ ಒಂದು ಆಸ್ಪತ್ರೆಯ ಭೌತವಿಜ್ಞಾನಿ ಫ್ರಿಟ್ಜ್ ಹೇಗರ್ ಮತ್ತು ಅಲ್ಲಿಯ ಯಂತ್ರದ ಆಪರೇಟರ್. ಇಬ್ಬರೂ ಅದೇ ಕೀಲಿಗಳನ್ನು ಮತ್ತೆ ಮತ್ತೆ ಒತ್ತಿ ನೋಡಿದರು. ತಪ್ಪು ಟೈಪ್ ಮಾಡಿದ್ದನ್ನು ಎಂಟು ಸೆಕೆಂಡಿನೊಳಗೆ ಬೇಗ ತಿದ್ದಿದರೆ ಯಂತ್ರ ಗೊಂದಲಕ್ಕೆ ಬೀಳುತ್ತಿತ್ತು. ಕೈ ಪಳಗಿದ ಆಪರೇಟರ್ ಮಾತ್ರ ಅಷ್ಟು ಬೇಗ ಟೈಪ್ ಮಾಡಬಲ್ಲರು. ಅದಕ್ಕೇ ಕಂಪನಿಯ ಪರೀಕ್ಷೆಯಲ್ಲಿ ಅದು ಸಿಕ್ಕಿರಲಿಲ್ಲ.

ಆ ಸಾಫ್ಟ್‌ವೇರ್ ಬರೆದವರು ಒಬ್ಬರೇ. ಹಲವು ವರ್ಷ ಕೂತು ಬರೆದು 1986ರಲ್ಲಿ ಕಂಪನಿ ಬಿಟ್ಟರು. ಈ ಅಪಘಾತಗಳ ಬಗ್ಗೆ ನ್ಯಾನ್ಸಿ ಲೆವಿಸನ್ ಮತ್ತು ಕ್ಲಾರ್ಕ್ ಟರ್ನರ್ 1993ರಲ್ಲಿ ದೊಡ್ಡ ಲೇಖನ ಬರೆದರು. ಅದರಲ್ಲೂ ಆ ಪ್ರೋಗ್ರಾಮರ್ ಹೆಸರಿಲ್ಲ. ಅವರ ಓದು, ಅನುಭವ ಏನೆಂದು ಕಂಪನಿಯವರಿಗೇ ಹೇಳಲಾಗಲಿಲ್ಲ. ಜನರ ಪ್ರಾಣ ಕೈಯಲ್ಲಿದ್ದ ಕೆಲಸ ಅದು!

ಆ ಒಬ್ಬರನ್ನು ಹಿಡಿದು ಶಿಕ್ಷೆ ಕೊಡಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ಒಬ್ಬರೇ ಬರೆಯಲಿ ಎಂದು ಬಿಟ್ಟದ್ದು, ಇನ್ನೊಬ್ಬರ ಕೈಯಲ್ಲಿ ಸರಿಯಾಗಿ ಪರೀಕ್ಷೆ ಮಾಡಿಸದೆ ಹೋದದ್ದು ಕಂಪನಿಯ ತಪ್ಪು. ಆದರೆ ಬರೆದವರ ಹೆಸರು ಹೊರಗೆ ಇರುತ್ತದೆ ಎಂದಾದರೆ ಬರೆದವರೇ "ನಾನೊಬ್ಬನೇ ಬರೆದರೆ ಆಗಲ್ಲ, ಇನ್ನೊಬ್ಬರು ಓದಿ ನೋಡಲಿ" ಎಂದು ಕೇಳುತ್ತಾರೆ. ನಾನಂತೂ ಕೇಳುತ್ತೇನೆ.

ನಿಮಗೆ ಇದು ಹೊಸ ವಿಚಾರ ಅಲ್ಲ ಎಂಬುದೂ ನನಗೆ ಗೊತ್ತು. ನಮ್ಮ ರಾಜ್ಯದ 'ಭೂಮಿ' ಯೋಜನೆಯನ್ನೇ ನೋಡಿ. 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಬಂದವು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಗ್ರಾಮ ಲೆಕ್ಕಿಗರ ಮನೆಗೆ ಅಲೆಯುವುದು ಕಡಿಮೆ ಆಯಿತು. ಅದರಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಸಣ್ಣ ಏರ್ಪಾಡು. ದಾಖಲೆ ಬದಲಾಯಿಸುವ ನೌಕರ, ಒಪ್ಪಿಗೆ ಕೊಡುವ ಅಧಿಕಾರಿ ತಮ್ಮ ಬೆರಳಚ್ಚು ಒತ್ತಿಯೇ ಒಳಗೆ ಹೋಗಬೇಕಿತ್ತು. ನಾಳೆ "ಅದು ನಾನು ಮಾಡಿದ್ದಲ್ಲ" ಎಂದು ಯಾರೂ ಹೇಳುವಂತಿರಲಿಲ್ಲ. ಅರ್ಜಿಗಳೂ ಬಂದ ಸರದಿಯಲ್ಲೇ ಮುಂದೆ ಹೋಗಬೇಕಿತ್ತು. ಇದನ್ನು ಯೋಚಿಸಿ ಬರೆದವರ ಮೇಲೆ ನನಗೆ ದೊಡ್ಡ ಗೌರವ ಇದೆ. ಸಾಫ್ಟ್‌ವೇರ್ ನ್ಯಾಯದ ಪರ ನಿಲ್ಲಬಲ್ಲದು ಎಂದು ಇಪ್ಪತ್ತು ವರ್ಷಕ್ಕೂ ಹಿಂದೆಯೇ ತೋರಿಸಿದ್ದಾರೆ.

ಸಕಾಲ ಕಾಯ್ದೆಯೂ ಹಾಗೇ. 2011ರ ಆ ಕಾಯ್ದೆಯ ಪ್ರಕಾರ ಅರ್ಜಿ ತಡವಾದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿ ಪರಿಹಾರ, ಹೆಚ್ಚೆಂದರೆ 500. ಅದನ್ನು ತಡ ಮಾಡಿದ ಅಧಿಕಾರಿಯ ಸಂಬಳದಿಂದ ಹಿಡಿಯಬಹುದು. ಅಂದರೆ ತಹಶೀಲ್ದಾರರಿಗೆ ಹೆಸರಿದೆ, ಗುಮಾಸ್ತರಿಗೆ ಹೆಸರಿದೆ, ಅರ್ಜಿ ಹಾಕಿದ ಆಯಿಗೆ ಹದಿನೈದು ಅಂಕಿಯ ನಂಬರ್ ಇದೆ. ಇಡೀ ಸರಪಳಿಯಲ್ಲಿ ಹೆಸರಿಲ್ಲದವನು ನಾನೊಬ್ಬನೇ, ಸಾಫ್ಟ್‌ವೇರ್ ಬರೆದವನು. ಇದು ನ್ಯಾಯ ಅಲ್ಲ. ನಾನು ಬರೆದ ಸಾಲಿನಿಂದ ತಡವಾದ ಅರ್ಜಿಗೆ ನಿಮ್ಮ ಗುಮಾಸ್ತ ಯಾಕೆ ತಲೆ ತಗ್ಗಿಸಬೇಕು?

ಹೆಸರು ಹುಡುಕುವುದು ಕಷ್ಟದ ಕೆಲಸವೂ ಅಲ್ಲ. ಇವತ್ತು ಹೆಚ್ಚಿನ ಪ್ರೋಗ್ರಾಮರ್‌ಗಳು ಗಿಟ್ ಎಂಬ ಸಾಧನ ಬಳಸುತ್ತಾರೆ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಶುರು ಮಾಡಿದ್ದು. ಯಾವ ಸಾಲನ್ನು ಯಾರು, ಯಾವ ದಿನ, ಎಷ್ಟು ಗಂಟೆಗೆ ಬರೆದರು, ಯಾಕೆ ಬದಲಾಯಿಸಿದರು ಎಲ್ಲಾ ಅದರಲ್ಲಿ ದಾಖಲಾಗುತ್ತದೆ. ಕಂಪನಿಯೊಳಗೆ ನಮ್ಮ ಹೆಸರು ನಮ್ಮ ಪ್ರತಿ ಸಾಲಿನ ಮೇಲೂ ಇದೆ. ಅದು ಕಚೇರಿಯ ಬಾಗಿಲು ದಾಟಿ ಹೊರಗೆ ಬರುವುದಿಲ್ಲ, ಅಷ್ಟೇ.

ಈಗ ನನ್ನ ಕಸುಬಿನ ಒಂದು ಮಾತು. ಗಂಜಿನಲ್ಲಿ ತೂಕದ ಯಂತ್ರಕ್ಕೆ ಜೋಡಿಸುವ ಸಾಫ್ಟ್‌ವೇರ್ ಬರೆಯುವಾಗ ಒಬ್ಬ ವ್ಯಾಪಾರಿ ನನ್ನನ್ನು ಒಂದು ಬದಲಾವಣೆ ಕೇಳಿದರು. ಯಂತ್ರ 49.860 ಕಿಲೋ ತೋರಿಸಿದರೆ ರೈತನ ಪಟ್ಟಿಯಲ್ಲಿ 49 ಎಂದಷ್ಟೇ ಬರಲಿ, ಚಿಲ್ಲರೆ ಬಿಟ್ಟುಬಿಡಿ, ಲೆಕ್ಕ ಸುಲಭ ಆಗುತ್ತದೆ ಎಂದರು. ಬರೆಯಲು ಬೇಕಾದ್ದು ಒಂದೇ ಸಾಲು. 2025-26ರ ತೊಗರಿ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಆ ಲೆಕ್ಕದಲ್ಲಿ 860 ಗ್ರಾಂ ಎಂದರೆ 68 ರೂಪಾಯಿ 80 ಪೈಸೆ. ಎಲ್ಲ ಚೀಲಕ್ಕೂ ಇಷ್ಟೇ ಹೋಗುವುದಿಲ್ಲ, ಸರಾಸರಿ ಅರ್ಧ ಕಿಲೋ ಎಂದುಕೊಳ್ಳಿ. ಚೀಲಕ್ಕೆ 40 ರೂಪಾಯಿ. 40 ಚೀಲ ತಂದ ರೈತನಿಗೆ 1,600 ರೂಪಾಯಿ ನಷ್ಟ. ಅವನ ಕೈಗೆ ಸಿಗುವ ಪಟ್ಟಿ ಪ್ರಿಂಟಾಗಿರುತ್ತದೆ, ಕೂಡಿಸಿ ನೋಡಿದರೆ ಮೊತ್ತ ಸರಿ ಇರುತ್ತದೆ. ಕಂಪ್ಯೂಟರ್ ಪಟ್ಟಿ ಎಂದ ಮೇಲೆ ಯಾರು ಅನುಮಾನಿಸುತ್ತಾರೆ? ಹಿಂದೆ ತಕ್ಕಡಿಯಲ್ಲಿ ಮೋಸ ಮಾಡುವವನಿಗೆ ತನ್ನ ಕೈಯನ್ನೇ ಬಳಸಬೇಕಿತ್ತು. ಸುತ್ತ ನಿಂತವರ ಕಣ್ಣಿಗೆ ಬೀಳಬಹುದಿತ್ತು. ನಾನು ಆ ಒಂದು ಸಾಲು ಬರೆದಿದ್ದರೆ ಯಾರ ಕಣ್ಣಿಗೂ ಬೀಳದೆ, ನಾನು ಮಲಗಿದ್ದಾಗಲೂ, ಪ್ರತಿ ಚೀಲಕ್ಕೂ ಅದು ನಡೆಯುತ್ತಿತ್ತು.

ನಾನು ಆಗಲ್ಲ ಎಂದೆ. ಆ ಕೆಲಸ ನನಗೆ ಸಿಗಲಿಲ್ಲ. ಈ ಮಾತು ಹೇಳಲು ಕಾರಣ ಇಷ್ಟೇ. ಇಂಥ ಬೇಡಿಕೆಗಳು ನಮ್ಮ ಕಸುಬಿನಲ್ಲಿ ಬರುತ್ತಲೇ ಇರುತ್ತವೆ, ಎಲ್ಲ ಸಲವೂ ಸಣ್ಣ ಸೌಲಭ್ಯದ ವೇಷದಲ್ಲೇ ಬರುತ್ತವೆ. ಈಗಷ್ಟೇ ಕಾಲೇಜು ಮುಗಿಸಿದ ಹುಡುಗನಿಗೆ ಅದನ್ನು ಗುರುತಿಸುವುದು ಕಷ್ಟ. ಗುರುತಿಸಿದರೂ ಇಲ್ಲ ಎನ್ನುವುದು ಇನ್ನೂ ಕಷ್ಟ. ಮನೆಯಲ್ಲಿ ಅವನ ಸಂಬಳಕ್ಕೆ ಕಾಯುವವರು ಇರುತ್ತಾರೆ. ಅವನ ಹೆಸರು ಸ್ಕ್ರೀನ್ ಮೇಲೆ ಇರುತ್ತದೆ ಎಂಬ ನಿಯಮ ಇದ್ದರೆ ಅವನಿಗೆ ಒಂದು ಆಸರೆ ಸಿಗುತ್ತದೆ. "ಸರ್, ನನ್ನ ಹೆಸರು ಬರುತ್ತೆ, ನಾಳೆ ರೈತರು ನನ್ನನ್ನೇ ಕೇಳ್ತಾರೆ, ಮಾಡಕ್ಕಾಗಲ್ಲ" ಎಂದು ಹೇಳಬಹುದು.

ದೊಡ್ಡ ಕಂಪನಿಗಳಲ್ಲಿ ಇಂಥದ್ದು ಆಗುವುದಿಲ್ಲ ಎಂದುಕೊಳ್ಳಬೇಡಿ. 2015ರ ಸೆಪ್ಟೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಹಗರಣ ಬಯಲಾಯಿತು. ಕಾರು ಹೊಗೆ ಪರೀಕ್ಷೆಯಲ್ಲಿದೆಯಾ, ರಸ್ತೆಯಲ್ಲಿದೆಯಾ ಎಂದು ಸಾಫ್ಟ್‌ವೇರೇ ಕಂಡುಹಿಡಿಯುತ್ತಿತ್ತು. ಪರೀಕ್ಷೆಯಲ್ಲಿ ಮಾತ್ರ ಹೊಗೆ ಕಡಿಮೆ ಬಿಡುತ್ತಿತ್ತು. ಲೋಕದಾದ್ಯಂತ ಸುಮಾರು 1 ಕೋಟಿ 10 ಲಕ್ಷ ಕಾರುಗಳಲ್ಲಿ ಅದು ಇತ್ತು. ಜೇಮ್ಸ್ ಲಿಯಾಂಗ್ ಎಂಬ ಎಂಜಿನಿಯರ್ ತಪ್ಪು ಒಪ್ಪಿಕೊಂಡರು. 2017ರಲ್ಲಿ ಅವರಿಗೆ 40 ತಿಂಗಳ ಜೈಲಾಯಿತು. ಅವರ ಹೆಸರು ಎಲ್ಲರಿಗೂ ಗೊತ್ತಾದದ್ದು ಕೋರ್ಟಿನಲ್ಲಿ. ಹೆಸರು ಮೊದಲೇ ಹೊರಗೆ ಬರಬೇಕಿತ್ತು ಎನ್ನುವುದು ನನ್ನ ವಾದ.

ಅಭಿಮಾನದ ಮಾತಿಗೆ ಬರುತ್ತೇನೆ. ನಮ್ಮ ಕಸುಬಿನಲ್ಲಿ ಅಭಿಮಾನವನ್ನು ಜಾಣತನದ ಜೊತೆ ಕಲಸಿಬಿಟ್ಟಿದ್ದಾರೆ. ಯಾರಿಗೂ ಅರ್ಥವಾಗದ ಹಾಗೆ ಬರೆದವನು, ರಾತ್ರಿಯೆಲ್ಲ ಕೂತು ಮುಗಿಸಿದವನು ಶೂರ ಎನ್ನುತ್ತಾರೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ನನ್ನ ಲೆಕ್ಕದಲ್ಲಿ ಅಭಿಮಾನಕ್ಕೆ ಒಳ್ಳೆಯ ಗುರು ಡೊನಾಲ್ಡ್ ಕನೂತ್. ಕಂಪ್ಯೂಟರ್ ವಿಜ್ಞಾನದಲ್ಲಿ ಅವರಿಗಿಂತ ದೊಡ್ಡ ಹೆಸರು ಕಡಿಮೆ. ತಮ್ಮ ಪುಸ್ತಕದಲ್ಲಿ ತಪ್ಪು ಹುಡುಕಿ ಕೊಟ್ಟವರಿಗೆಲ್ಲ ಅವರು 2.56 ಡಾಲರ್ ಬಹುಮಾನ ಕೊಡುತ್ತಾ ಬಂದಿದ್ದಾರೆ. ಪುಸ್ತಕ ಜೋಡಿಸಲು ಅವರು ಬರೆದ ಟೆಕ್ ಎಂಬ ಸಾಫ್ಟ್‌ವೇರಿನಲ್ಲಿ ದೋಷ ಹಿಡಿದರೆ ಬಹುಮಾನ ಏರುತ್ತಾ ಹೋಗಿ 327.68 ಡಾಲರಿಗೆ ನಿಂತಿತು. ಚೆಕ್ ಸಿಕ್ಕವರಲ್ಲಿ ಎಷ್ಟೋ ಜನ ಅದನ್ನು ಬ್ಯಾಂಕಿಗೆ ಹಾಕದೆ ಫ್ರೇಮ್ ಹಾಕಿಸಿ ಗೋಡೆಗೆ ನೇತು ಹಾಕಿದರು. ತಪ್ಪು ತೋರಿಸಿದವರಿಗೆ ದುಡ್ಡು ಕೊಟ್ಟು ಥ್ಯಾಂಕ್ಸ್ ಹೇಳುವಷ್ಟು ತನ್ನ ಕೆಲಸದ ಮೇಲೆ ಪ್ರೀತಿ! ಅದಕ್ಕೆ ನಾನು ತಲೆಬಾಗುತ್ತೇನೆ. ನಮ್ಮ ಕಚೇರಿಗಳಲ್ಲಿ ದೋಷ ತೋರಿಸಿದ ಆಪರೇಟರಿಗೆ "ನಿನಗೆ ಬಳಸಲು ಬರಲ್ಲ" ಎಂಬ ಉತ್ತರ ಸಿಗುತ್ತದೆ. ಆ ಉತ್ತರ ಕೊಡುವವರು ಹೆಚ್ಚಾಗಿ ನಮ್ಮವರೇ, ಸಾಫ್ಟ್‌ವೇರ್ ಕಂಪನಿಯವರೇ.

ಬಳಸುವವರದ್ದೇ ತಪ್ಪು ಎನ್ನುವವರಿಗೆ ನಾನು ಮಾರ್ಗರೆಟ್ ಹ್ಯಾಮಿಲ್ಟನ್ ಅವರ ಕತೆ ಹೇಳುತ್ತೇನೆ. ಚಂದ್ರನಿಗೆ ಹೋದ ಅಪೊಲೊ ನೌಕೆಗಳ ಸಾಫ್ಟ್‌ವೇರ್ ತಂಡದ ಮುಖ್ಯಸ್ಥೆ ಅವರು. ಒಮ್ಮೆ ಅವರ ಪುಟ್ಟ ಮಗಳು ಲ್ಯಾಬಿನಲ್ಲಿ ಆಟ ಆಡುತ್ತಾ ಕೀಲಿ ಒತ್ತಿದಳು. ನೌಕೆ ಹಾರುತ್ತಿರುವ ಹಂತದಲ್ಲಿ, ಹಾರುವ ಮೊದಲು ಓಡಿಸಬೇಕಾದ ಪ್ರೋಗ್ರಾಂ ಶುರುವಾಗಿ ಅಣಕು ನೌಕೆ ಕೆಟ್ಟು ನಿಂತಿತು. ಇದನ್ನು ತಡೆಯುವ ಸಾಲು ಸೇರಿಸುತ್ತೇನೆ ಎಂದು ಹ್ಯಾಮಿಲ್ಟನ್ ಕೇಳಿದರು. ಗಗನಯಾತ್ರಿಗಳು ಅಷ್ಟು ತರಬೇತಿ ಪಡೆದವರು, ಇಂಥ ತಪ್ಪು ಮಾಡಲ್ಲ ಎಂದು ಮೇಲಿನವರು ಬೇಡ ಎಂದರು. 1968ರ ಡಿಸೆಂಬರಿನಲ್ಲಿ ಅಪೊಲೊ 8ರಲ್ಲಿ ಗಗನಯಾತ್ರಿ ಜಿಮ್ ಲವೆಲ್ ಅದೇ ತಪ್ಪು ಮಾಡಿದರು. ಅಂಥ ಲವೆಲ್ ಅವರೇ ತಪ್ಪು ಕೀಲಿ ಒತ್ತಬಹುದಾದರೆ, ಕರೆಂಟು ಹೋಗಿ ಬಂದು, ಎದುರಿಗೆ ಸಾಲು ನಿಂತಿರುವಾಗ, ಸೇಡಂ ಇಲ್ಲವೇ ಔರಾದ್‌ನ ಒಬ್ಬ ಗುತ್ತಿಗೆ ಆಪರೇಟರ್ ತಪ್ಪು ಕೀಲಿ ಒತ್ತಿದರೆ ಅದು ದೊಡ್ಡ ಅಪರಾಧವಾ? ಅದನ್ನು ತಡೆದುಕೊಳ್ಳುವ ಹಾಗೆ ಬರೆಯುವುದು ನಮ್ಮ ಕೆಲಸ.

ಈಚೆಗೆ ಎಐ ಸಾಧನಗಳು ಕೇಳಿದ ಕೂಡಲೇ ಕೋಡ್ ಬರೆದುಕೊಡುತ್ತವೆ. ನಾನೂ ಬಳಸುತ್ತೇನೆ. ಬೇಗ ಆಗುತ್ತದೆ. ಆದರೆ ಮುಂದೆ "ಸಿಸ್ಟಮ್ ತಗೋವಲ್ದು" ಎನ್ನುವುದರ ಜೊತೆಗೆ "ಎಐ ಹಂಗ ಬರ್ದದ" ಎಂಬ ಮಾತೂ ಸೇರಿಕೊಳ್ಳುವ ಭಯ ನನಗಿದೆ. ಯಾರು ಬರೆದುಕೊಟ್ಟರೂ ಓದಿ, ಪರೀಕ್ಷಿಸಿ, ಜನರ ಮುಂದೆ ಇಟ್ಟವರದ್ದೇ ಹೊಣೆ. ಹೆಸರು ಬರೆಸಿಕೊಳ್ಳುವ ಪದ್ಧತಿಯನ್ನು ಈಗಲೇ ಶುರು ಮಾಡಲು ಇದೂ ಒಂದು ಕಾರಣ.

ಹೆಸರು ಹಾಕಿಸಿದರೆ ತಿಂಗಳ ಸಂಬಳದ ಹುಡುಗ ಹುಡುಗಿಯರು ಬಲಿಪಶು ಆಗುತ್ತಾರೆ ಎಂದು ಕೆಲವರು ಹೇಳಬಹುದು. ಈ ಆತಂಕ ನನಗೂ ಇದೆ. ಅದಕ್ಕೇ ಮೊದಲ ಹೆಸರು ಕಂಪನಿ ಮಾಲೀಕರದ್ದು, ಎರಡನೆಯದು ತಂಡದ ಮುಖ್ಯಸ್ಥರದ್ದು ಇರಲಿ. ಕಿರಿಯರ ಹೆಸರು ಅವರು ಒಪ್ಪಿದರೆ ಮಾತ್ರ ಹಾಕಿ. ಹೊಣೆ ಎಂದರೆ ಸರಿಪಡಿಸುವ ಹೊಣೆ. ಬೇಕೆಂದೇ ಮೋಸ ಮಾಡಿದ್ದರೆ ಅದಕ್ಕೆ ಕಾನೂನು ಬೇರೆ ಇದೆ. ಇನ್ನು ಕಡಿಮೆ ದರ ಹೇಳಿದವರಿಗೇ ಕೆಲಸ ಹೋಗುವ ಎಲ್-1 ಪದ್ಧತಿಯಲ್ಲಿ ಇದೆಲ್ಲ ಆಗಲ್ಲ ಎನ್ನುವವರೂ ಇದ್ದಾರೆ. ಟೆಂಡರಿನ ತಾಂತ್ರಿಕ ಷರತ್ತುಗಳನ್ನು ಬರೆಯುವವರು ನೀವೇ. ಷರತ್ತಿನಲ್ಲಿ ಇದ್ದರೆ ಎಲ್ಲರೂ ಅದನ್ನು ಲೆಕ್ಕ ಹಾಕಿಯೇ ದರ ಹೇಳುತ್ತಾರೆ.

ಜನರ ಮಾಹಿತಿಯ ಬಗ್ಗೆ ಒಂದೇ ಮಾತು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ. ಬೇಕಿಲ್ಲದ ಕಾಲಂಗಳನ್ನು ಫಾರ್ಮಿನಿಂದ ತೆಗೆಸಿ. ಕೇಳದಿದ್ದ ಮಾಹಿತಿ ಸೋರಿಹೋಗುವುದಿಲ್ಲ.

ನಾನು ಕೇಳುತ್ತಿರುವುದನ್ನು ಟೆಂಡರಿಗೆ ಹಾಕುವ ಭಾಷೆಯಲ್ಲೇ ಬರೆದುಕೊಡುತ್ತೇನೆ: "ಸಾಫ್ಟ್‌ವೇರಿನ ಮೊದಲ ಪುಟದಲ್ಲಿ ಮತ್ತು ಅರ್ಜಿ ತಿರಸ್ಕಾರದ ಪ್ರತಿ ಚೀಟಿಯಲ್ಲಿ ಅದನ್ನು ತಯಾರಿಸಿದವರ ಹೆಸರು, ವಿಳಾಸ, ಕೆಲಸದ ವೇಳೆಯಲ್ಲಿ ಎತ್ತುವ ಫೋನ್ ನಂಬರ್ ಕನ್ನಡದಲ್ಲಿ ಇರತಕ್ಕದ್ದು. ತಿರಸ್ಕಾರಕ್ಕೆ ಕಾರಣ ಮತ್ತು ಮುಂದಿನ ದಾರಿ ಕನ್ನಡದಲ್ಲಿ ಇರತಕ್ಕದ್ದು. ಗೊತ್ತಿರುವ ದೋಷಗಳ ಪಟ್ಟಿಯನ್ನು ಕಚೇರಿಯ ನೋಟಿಸ್ ಬೋರ್ಡಿನಲ್ಲಿ ಹಾಕತಕ್ಕದ್ದು. ತಯಾರಿಸಿದವರು ಕೆಲಸ ಶುರು ಮಾಡುವ ಮೊದಲು ಮತ್ತು ಸಾಫ್ಟ್‌ವೇರ್ ಜಾರಿಯಾದ ಮೇಲೆ ಕೌಂಟರಿನಲ್ಲಿ ಆಪರೇಟರ್ ಪಕ್ಕ ಕೂತು ನೋಡತಕ್ಕದ್ದು." ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಉರ್ದು ಓದುವವರೂ ಬಹಳ ಇದ್ದಾರೆ. ಚೀಟಿಯಲ್ಲಿ ಉರ್ದುವೂ ಇದ್ದರೆ ಇನ್ನೂ ಒಳ್ಳೆಯದು.

ಎಲ್ಲ ಇಲಾಖೆಗೂ ಒಮ್ಮೆಲೇ ಬೇಡ. ಮೂರು ಜಿಲ್ಲೆಗಳಲ್ಲಿ ಒಂದೊಂದು ತಾಲ್ಲೂಕು ಕಚೇರಿ ಆರಿಸಿ. ಜಿಲ್ಲೆಯಲ್ಲೇ ಮಾಡಿಸಿದ ಒಂದೊಂದು ಸಾಫ್ಟ್‌ವೇರಿನಲ್ಲಿ ಶುರು ಮಾಡಿ ನೋಡಿ. ಮುಂದಿನ ತೊಗರಿ ಸುಗ್ಗಿಯ ಖರೀದಿ ನೋಂದಣಿಯೊಳಗೆ ಆಗಬಹುದಾದ ಕೆಲಸ ಇದು. ಷರತ್ತನ್ನು ತಿದ್ದಲು, ಆಪರೇಟರುಗಳ ಜೊತೆ ಕೂತು ದೋಷದ ಪಟ್ಟಿ ಮಾಡಲು ಕರೆದರೆ ನಾನು ಬರುತ್ತೇನೆ. ಅದಕ್ಕೆ ದುಡ್ಡು ಬೇಡ. ಈ ಪತ್ರದ ಪ್ರತಿಯನ್ನು ನಿಮ್ಮ ನಾಲ್ಕೂ ಕಚೇರಿಗಳ ಟಪಾಲು ವಿಭಾಗದಲ್ಲಿ ಕೊಟ್ಟು ಸ್ವೀಕೃತಿ ಪಡೆದಿದ್ದೇನೆ. ನನ್ನ ಹೆಸರು, ವಿಳಾಸ, ಫೋನ್ ನಂಬರ್, ಸಹಿ ಆ ಪ್ರತಿಗಳಲ್ಲಿ ಇವೆ.

ಇಂತಿ ನಿಮ್ಮ ವಿಶ್ವಾಸಿ,
ಸಾಫ್ಟ್‌ವೇರ್ ಬರೆಯುವವನು, ಕಲಬುರಗಿ